ಒಂದು ಚರಂಡಿ, ಮೂರು ಬೋರ್ಡ್: ಸಣ್ಣ ಕಾಮಗಾರಿಯನ್ನು ಹೇಗೆ ಕೊಡಬೇಕು?

ಮಂಜಿನಹಾದಿ
ನಮ್ಮ ಬೀದಿಯಲ್ಲಿ ಏಪ್ರಿಲ್‌ನಲ್ಲಿ ಚರಂಡಿ ಕಟ್ಟಿದರು. ಮೇಲಿನ ತಿರುವಿನಿಂದ ಕೆಳಗಿನ ಮೋರಿವರೆಗೆ 120 ಮೀಟರ್, ಒಂದೇ ಚರಂಡಿ. ಕಾಮಗಾರಿಯ ವಿವರ ಬರೆದ ಬೋರ್ಡ್ ಮಾತ್ರ ಮೂರು. ಒಂದರಲ್ಲಿ 4.95 ಲಕ್ಷ, ಇನ್ನೊಂದರಲ್ಲಿ 4.90, ಮತ್ತೊಂದರಲ್ಲಿ 4.98. ಮೂರಕ್ಕೂ ಒಂದೇ ದಿನ ಕೆಲಸ ಶುರು. ಒಂದೇ ಮಿಕ್ಸರ್, ಒಬ್ಬರೇ ಮೇಸ್ತ್ರಿ. 5 ಲಕ್ಷದೊಳಗಿನ ಕಾಮಗಾರಿಗೆ ಟೆಂಡರ್ ಬೇಡ, ನೇರವಾಗಿ ಒಬ್ಬರಿಗೆ ತುಂಡು ಗುತ್ತಿಗೆ ಕೊಡಬಹುದು. ಅದಕ್ಕಾಗಿಯೇ 14.83 ಲಕ್ಷದ ಕೆಲಸವನ್ನು ಮೂರು ತುಂಡು ಮಾಡಿದ್ದಾರೆ. ಜುಲೈ ಮಳೆಗೆ ನಮ್ಮ ಗೇಟಿನ ಎದುರು ಎರಡು ಮೀಟರ್ ಗೋಡೆ ಮುರಿದು ಬಿತ್ತು. ಟೇಪ್ ಹಿಡಿದು ಅಳೆದೆ. ದಪ್ಪ 4 ಇಂಚು. ಎಸ್ಟಿಮೇಟಿನಲ್ಲಿ ಇರುವುದು 15 ಸೆಂಟಿಮೀಟರ್, ಅಂದರೆ 6 ಇಂಚು. ಕೊಡಗಿನ ಯಾವ ಊರು, ಯಾವ ವಾರ್ಡ್ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಮಾತು ಇಷ್ಟೇ, ಎಷ್ಟೇ ಸಣ್ಣ ಕಾಮಗಾರಿ ಆದರೂ ಟೆಂಡರ್ ಕಡ್ಡಾಯ ಆಗಬೇಕು.

ಕಲ್ಲುಮಣ್ಣು
"ಟೆಂಡರ್ ಕಡ್ಡಾಯ ಆಗಬೇಕು" ಅಂತ ಬರೆಯುವುದು ಸುಲಭ. ನಾನು 18 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಕ್ಲಾಸ್ 3 ಲೈಸೆನ್ಸ್. ಕೊಡಗಿನಲ್ಲಿ ಕಾಂಕ್ರೀಟ್ ಹಾಕಲು ಸಿಗುವುದು ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದ ಮೇಲೆ ಮೇ ಕೊನೆವರೆಗೆ. ಅದರಲ್ಲಿ ಮೂರು ತಿಂಗಳು ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಟೆಂಡರ್ ಕರೆದು, ತೆರೆದು, ಒಪ್ಪಿಗೆ ಆಗಿ ವರ್ಕ್ ಆರ್ಡರ್ ಕೈಗೆ ಬರುವಾಗ ಮೇ 20 ಆಗಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮುಗಿಯಿತು. 4 ಲಕ್ಷದ ಮೋರಿಗೆ ಒಂದು ವರ್ಷ ಕಾಯುತ್ತೀರಾ? ಆಗ ನೀವೇ ಬಂದು ಇನ್ನೂ ಯಾಕೆ ಆಗಿಲ್ಲ ಅಂತ ಕೇಳುತ್ತೀರಿ.

ಮಂಜಿನಹಾದಿ
"ಮೇ 20" ಆಗುವುದು ಟೆಂಡರಿನಿಂದಲ್ಲ. ಫೈಲನ್ನು ಮಾರ್ಚ್‌ವರೆಗೆ ಮುಟ್ಟದೆ ಇಡುವುದರಿಂದ. ಆಗಸ್ಟ್‌ನಲ್ಲಿ ಎಸ್ಟಿಮೇಟ್ ಮಾಡಿದರೆ ಹುತ್ತರಿ ಹೊತ್ತಿಗೆ ವರ್ಕ್ ಆರ್ಡರ್ ಕೊಡಬಹುದು. ಮಳೆಗಾಲ ಪ್ರತಿ ವರ್ಷ ಬರುತ್ತದೆ, ಇದು ಹೊಸ ಸುದ್ದಿ ಅಲ್ಲ.

ನಿವೃತ್ತ ಇಂಜಿನಿಯರ್
ಇಬ್ಬರಿಗೂ ಒಂದು ಮಾತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ ಬಂದದ್ದು 1999ರಲ್ಲಿ, ನಿಯಮ 2000ದಲ್ಲಿ. ನಾವೆಲ್ಲ ಕೆಟಿಪಿಪಿ ಅನ್ನುವುದು ಇದನ್ನೇ. ಸಣ್ಣ ಮೊತ್ತದ ವಿನಾಯಿತಿ ಕಾಯ್ದೆಯ 4ನೇ ಸೆಕ್ಷನ್‌ನಲ್ಲೇ ಇದೆ, ಯಾರೂ ಕದ್ದು ಸೇರಿಸಿದ್ದಲ್ಲ. ನಿಯಮ ಬಂದಾಗ 2 ಕೋಟಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ ಕೊಡಬೇಕಿತ್ತು. ಒಂದು ಮೋರಿ ಸ್ಲಾಬಿಗೆ ಅಷ್ಟು ದಿನ ಕಾಯುವುದು ವ್ಯರ್ಥ ಅಂತಲೇ ವಿನಾಯಿತಿ ಇಟ್ಟದ್ದು. ಇನ್ನು 4 ಇಂಚಿನ ವಿಷಯ. ಚರಂಡಿ ಗೋಡೆಯನ್ನು ಮೇಲೆ ಕಿರಿದು, ಕೆಳಗೆ ಅಗಲ ಮಾಡುವುದುಂಟು. ಬಿಲ್ಲಿಗಾಗಿ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುವುದು ಸರಾಸರಿ. ಮೇಲೆ 10, ಕೆಳಗೆ 20 ಇದ್ದರೆ ಸರಾಸರಿ 15 ಸೆಂಟಿಮೀಟರ್. ನೀವು ಮೇಲೆ ಮಾತ್ರ ಅಳೆದಿರಬೇಕು.

ಮಂಜಿನಹಾದಿ
ಮೇಲೆ ಮಾತ್ರ ಅಳೆದಿಲ್ಲ ಸಾರ್. ಗೋಡೆ ಬುಡ ಸಮೇತ ಮುರಿದು ಅಡ್ಡ ಬಿದ್ದಿದೆ. ಬುಡದಲ್ಲೂ 4 ಇಂಚು.

ಕಲ್ಲುಮಣ್ಣು
ಬುಡ ಅಂದರೆ ಯಾವುದು? ಅಡಿಯಲ್ಲಿ ಬೆಡ್ ಕಾಂಕ್ರೀಟ್ ಇರುತ್ತದೆ. ಗೋಡೆ ಬೆಡ್ಡಿನ ಮೇಲೆ ಕೂರುತ್ತದೆ. ಮುರಿಯುವುದು ಜಾಯಿಂಟಿನಲ್ಲಿ, ನಿಜವಾದ ಬುಡದಲ್ಲಲ್ಲ. ಮಣ್ಣು ತುಂಬಿದ ಚರಂಡಿಯಲ್ಲಿ ನಿಂತು ಅಳೆದರೆ ನಿಮಗೆ ಬುಡ ಕಾಣುವುದೇ ಇಲ್ಲ.

ಕೆಂಪುಹೆಂಚು
ಇಂಚು ಬಿಡಿ. ಮೂರು ಬೋರ್ಡ್ ಯಾಕೆ ಅನ್ನುವುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅಲ್ವಾ? ಇಂಜಿನಿಯರ್ ಸಾರ್ ಹೇಳಿದ ವಿನಾಯಿತಿ ನಿಜವಾಗಿ ಸಣ್ಣದಾಗಿರುವ ಕೆಲಸಕ್ಕೆ. ದೊಡ್ಡದನ್ನು ಕತ್ತರಿಸಿ ಸಣ್ಣದು ಮಾಡಿದ್ದಕ್ಕಲ್ಲ. ನಮ್ಮ ಬೀದಿಯಲ್ಲೂ ಹೀಗೇ ಆಯಿತು. ಒಂದು ರಸ್ತೆ ಎರಡು ತುಂಡಾಯಿತು. ಎರಡನೇ ತುಂಡಿನ ಡಾಂಬರು ಮೊದಲನೆಯದಕ್ಕೆ ಸೇರಲೇ ಇಲ್ಲ. ಆ ಸಂದಿನಲ್ಲಿ ನೀರು ಇಳಿದು ನಮ್ಮ ಕಾಂಪೌಂಡಿನ ಬುಡ ಕೊರೆಯಿತು. ದುರಸ್ತಿ ನಮ್ಮ ಖರ್ಚಿನಲ್ಲೇ ಆಯಿತು.

ನಿವೃತ್ತ ಇಂಜಿನಿಯರ್
"ಸೇರಲೇ ಇಲ್ಲ" ಅಂದರೆ ಅದು ಗುಣಮಟ್ಟದ ಪ್ರಶ್ನೆ ಅಮ್ಮಾ, ಗುತ್ತಿಗೆ ಕೊಟ್ಟ ರೀತಿಯ ಪ್ರಶ್ನೆ ಅಲ್ಲ. ಟೆಂಡರ್ ಆದ ರಸ್ತೆಯಲ್ಲೂ ಸಂದು ಬಿಡುತ್ತದೆ. ಎರಡನ್ನೂ ಬೆರೆಸಬೇಡಿ.

ಹಾರಂಗಿ ನೀರು
ಟೆಂಡರ್ ಅಂತ ಬಾಯಿ ಬಡಿದುಕೊಳ್ಳುವವರು ಒಮ್ಮೆ ಮಡಿಕೇರಿ ಕಡೆ ನೋಡಿ. ಜಿಲ್ಲಾಧಿಕಾರಿ ಕಚೇರಿ ಕೆಳಗಿನ ತಡೆಗೋಡೆ 2022ರ ಮಳೆಗೆ ಉಬ್ಬಿಕೊಂಡಿತು. ಮಂಗಳೂರು ರಸ್ತೆಯಲ್ಲಿ ವಾಹನ ನಿಲ್ಲಿಸಬೇಕಾಯಿತು. ಅದೇನು ತುಂಡು ಗುತ್ತಿಗೆಯಾ?

ಮಂಜಿನಹಾದಿ
ಅದು ಕೋಟಿಗಟ್ಟಲೆಯ ತಡೆಗೋಡೆ. ಇಲ್ಲಿ ಮಾತಾಡುತ್ತಿರುವುದು 5 ಲಕ್ಷದ ಚರಂಡಿ. ಹೋಲಿಕೆಯೇ ಸರಿ ಇಲ್ಲ.

ಹಾರಂಗಿ ನೀರು
ಹೋಲಿಕೆ ಸರಿ ಇಲ್ಲದಿದ್ದರೆ ಬಿಡಿ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಆರೋಪ ಮಾಡಿದರು. ಆಗಲೂ ಟೆಂಡರ್ ಇತ್ತು, ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಇತ್ತು, ಕೆಟಿಪಿಪಿ ಇತ್ತು. ಎಲ್ಲ ಇದ್ದೂ ಆ ಮಾತು ಬಂತು. ಟೆಂಡರ್ ಅನ್ನುವ ಪದ ಮಂತ್ರ ಅಲ್ಲ.

ಕಲ್ಲುಮಣ್ಣು
ಅಣ್ಣ ಸರಿಯಾಗಿ ಹೇಳಿದರು. ಟೆಂಡರ್ ಆದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಮೈಸೂರು ಕಡೆಯ ದೊಡ್ಡವರು ಬಂದು 22 ಪರ್ಸೆಂಟ್ ಬಿಲೋ, ಅಂದರೆ ಎಸ್ಟಿಮೇಟಿಗಿಂತ ಅಷ್ಟು ಕಡಿಮೆ ದರ ಹಾಕುತ್ತಾರೆ. ಎಲ್-1, ಅಂದರೆ ಅತಿ ಕಡಿಮೆ ದರದವರು, ಅವರೇ. ಆಮೇಲೆ ಕೆಲಸಕ್ಕೆ ನಮ್ಮಂಥವರನ್ನೇ ಕರೆದು ಇನ್ನೂ ಕಡಿಮೆಗೆ ಮಾಡಿ ಅನ್ನುತ್ತಾರೆ. ಜಲ್ಲಿ, ಎಂ-ಸ್ಯಾಂಡ್ ಘಾಟಿ ಹತ್ತಿ ಬರಬೇಕು. 2022ರ ಜುಲೈಯಲ್ಲಿ ಸರ್ಕಾರಿ ಕಾಮಗಾರಿಯ ಜಿಎಸ್‌ಟಿ 12ರಿಂದ 18 ಪರ್ಸೆಂಟ್ ಆಯಿತು. ಬಿಲ್ಲಿನಲ್ಲಿ ಕಾರ್ಮಿಕ ಸೆಸ್ 1 ಪರ್ಸೆಂಟ್, ಟಿಡಿಎಸ್, ರಾಯಲ್ಟಿ, ಠೇವಣಿ ಎಲ್ಲ ಹಿಡಿಯುತ್ತಾರೆ. ಉಳಿದ ದುಡ್ಡು ಬರಲು ಹತ್ತು ತಿಂಗಳು. ಹೋದ ವರ್ಷ ಹೆಂಡತಿಯ ಬಳೆ ಅಡವಿಟ್ಟು ಆಳುಗಳಿಗೆ ಸಂಬಳ ಕೊಟ್ಟೆ. 22 ಪರ್ಸೆಂಟ್ ಬಿಲೋದಲ್ಲಿ 6 ಇಂಚು ಎಲ್ಲಿಂದ ಬರುತ್ತದೆ?

ಮಂಜಿನಹಾದಿ
ಈಗ ನೀವೇ ಒಪ್ಪಿಕೊಂಡಿರಿ, 6 ಇಂಚು ಬರುವುದಿಲ್ಲ ಅಂತ. ನಮ್ಮ ಚರಂಡಿಯಲ್ಲಿ ಬಿಲೋನೂ ಇಲ್ಲ, ಟೆಂಡರೂ ಇಲ್ಲ. ಪೂರ್ತಿ ಎಸ್ಟಿಮೇಟ್ ದರಕ್ಕೆ ಕೊಟ್ಟಿದ್ದಾರೆ. ಆದರೂ ಸಿಕ್ಕಿದ್ದು 4.

ಕಲ್ಲುಮಣ್ಣು
ನಾನು ಏನನ್ನೂ ಒಪ್ಪಿಕೊಂಡಿಲ್ಲ. ಮಾತು ತಿರುಚಬೇಡಿ. ಆ ಚರಂಡಿ ಕಟ್ಟಿದ್ದು ನಾನಲ್ಲ. ಆದರೆ ಕಟ್ಟಿದವನು ಕಳ್ಳ ಅಂತ ಒಂದು ಟೇಪು ಹಿಡಿದುಕೊಂಡು ತೀರ್ಪು ಕೊಡುತ್ತಿದ್ದೀರಲ್ಲ, ಅದು ನೋವಾಗುತ್ತದೆ. ನಿಮ್ಮ ಟೇಪು ಬಟ್ಟೆ ಹೊಲಿಯುವುದಾ, ಸ್ಟೀಲಿನದ್ದಾ?

ಮಂಜಿನಹಾದಿ
ಸ್ಟೀಲ್ ಟೇಪು. ಐದು ಮೀಟರಿನದ್ದು. ಮೂರು ಕಡೆ ಅಳೆದೆ: 10, 10.5, 9.5 ಸೆಂಟಿಮೀಟರ್. ಪಕ್ಕದ ಮನೆಯ ಮೇಷ್ಟ್ರು ಜೊತೆಗಿದ್ದರು. ಮುರಿದ ಮೈಯಲ್ಲಿ ಜಲ್ಲಿ ಎದ್ದು ಕಾಣುತ್ತದೆ, ಸಿಮೆಂಟ್ ಹಿಡಿದೇ ಇಲ್ಲ. ಬೆರಳಲ್ಲಿ ಕೆರೆದರೆ ಮರಳು ಉದುರುತ್ತದೆ. ಇದಕ್ಕೂ ಸರಾಸರಿ ತೆಗೆಯುತ್ತೀರಾ?

ನಿವೃತ್ತ ಇಂಜಿನಿಯರ್
ಮೂರು ಕಡೆ ಅಂದರೆ ಒಂದೇ ಎರಡು ಮೀಟರಿನೊಳಗೆ. 120 ಮೀಟರಿನ ಕೆಲಸವನ್ನು ಹಾಗೆ ಅಳೆಯುವುದಿಲ್ಲ. ಬೇರೆ ಬೇರೆ ಚೈನೇಜಿನಲ್ಲಿ, ಅಂದರೆ ಶುರುವಿನಿಂದ ಇಷ್ಟಿಷ್ಟು ದೂರದಲ್ಲಿ, ಅಳೆಯಬೇಕು. ಬೆರಳಲ್ಲಿ ಕೆರೆಯುವುದು ಪರೀಕ್ಷೆ ಅಲ್ಲ. ಕಾಂಕ್ರೀಟಿಗೆ ಕ್ಯೂಬ್ ಪರೀಕ್ಷೆ ಇದೆ, ಅಚ್ಚಿಗೆ ತುಂಬಿಸಿದ ತುಂಡಿನ 28 ದಿನದ ಬಲ ನೋಡುತ್ತಾರೆ.

ಕೆಂಪುಹೆಂಚು
ಕ್ಯೂಬ್ ತೆಗೆದುಕೊಂಡಿದ್ದಾರಾ ಸಾರ್? 4.9 ಲಕ್ಷದ ಕೆಲಸಕ್ಕೆ ಕ್ಯೂಬ್ ತುಂಬಿಸಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ. ಪರೀಕ್ಷೆಯೇ ಆಗದ ಕೆಲಸಕ್ಕೆ ಪರೀಕ್ಷೆಯ ಹೆಸರು ಹೇಳಿ ಜನರ ಬಾಯಿ ಮುಚ್ಚಿಸಬೇಡಿ.

ನಿವೃತ್ತ ಇಂಜಿನಿಯರ್
ನಾನು ಯಾರ ಬಾಯನ್ನೂ ಮುಚ್ಚಿಸಿಲ್ಲ. 34 ವರ್ಷ ಸೇವೆ ಮಾಡಿದ್ದೇನೆ, ಅಳತೆ ಪುಸ್ತಕಕ್ಕೆ ಒಂದೇ ಒಂದು ಸುಳ್ಳು ಸಹಿ ಹಾಕಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಟೆಂಡರ್ ಕರೆದು ಕೂತಿದ್ದರೆ ರಸ್ತೆ ತೆರೆಯಲು ಆಗುತ್ತಿತ್ತಾ? ನೈಸರ್ಗಿಕ ವಿಕೋಪ ಘೋಷಣೆಯಾದರೆ ಟೆಂಡರಿನಿಂದ ವಿನಾಯಿತಿ ಅಂತ ಅದೇ 4ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಬರೆದವರಿಗೆ ತಿಳಿವಳಿಕೆ ಇತ್ತು.

ಮಂಜಿನಹಾದಿ
ನಮ್ಮ ಬೀದಿಯಲ್ಲಿ ಏಪ್ರಿಲ್‌ನಲ್ಲಿ ಗುಡ್ಡ ಕುಸಿದಿರಲಿಲ್ಲ. ಬಿಸಿಲಿತ್ತು.

ವಿರಾಜಪೇಟೆ ರೋಡ್
ಇಡೀ ಚರ್ಚೆ ತಪ್ಪು ದಾರಿಯಲ್ಲಿದೆ. ತುಂಡು ಗುತ್ತಿಗೆಯಲ್ಲಿ ಒಬ್ಬ ಸಣ್ಣವನಿಗೆ ಹೋಗುವುದು 5 ಲಕ್ಷ. ಅದೇ ಕಾಯ್ದೆಯ ಸೆಕ್ಷನ್ 4(ಜಿ) ನೋಡಿ. ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ಕೆಲಸ ಕೊಡಬಹುದು. ಲಕ್ಷ ಅಲ್ಲ, ಕೋಟಿ ಲೆಕ್ಕದಲ್ಲಿ. ಅದನ್ನು ಯಾರೂ ಕೇಳುವುದಿಲ್ಲ. ಬಡ ಗುತ್ತಿಗೆದಾರನ 4 ಇಂಚು ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಮೀಸಲಾತಿ ವಿಷಯವೂ ಇದೆ. ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95 ಪರ್ಸೆಂಟ್ ಮೀಸಲು. 2023ರಲ್ಲಿ ಅದರ ಮಿತಿಯನ್ನು 50 ಲಕ್ಷದಿಂದ 1 ಕೋಟಿಗೆ ಏರಿಸಿದರು. ನಾನು ಆ ಮೀಸಲಿನಲ್ಲೇ ಮೊದಲ ಕೆಲಸ ಹಿಡಿದವನು. ಸಣ್ಣ ಕೆಲಸಗಳನ್ನೆಲ್ಲ ಸೇರಿಸಿ ಪ್ಯಾಕೇಜ್ ಮಾಡಿದರೆ ಮೊದಲು ಹೊರಗೆ ಬೀಳುವುದು ನಾವು.

ಮಂಜಿನಹಾದಿ
"ಬಡ ಗುತ್ತಿಗೆದಾರನ 4 ಇಂಚು". ಕೊನೆಗೂ 4 ಇಂಚು ಅಂತ ಒಬ್ಬರು ಒಪ್ಪಿದರು.

ವಿರಾಜಪೇಟೆ ರೋಡ್
ಇಷ್ಟು ಬರೆದದ್ದರಲ್ಲಿ ನಿಮಗೆ ಕಂಡದ್ದು ಅದೊಂದೇನಾ?

ಕೆಂಪುಹೆಂಚು
ಪ್ಯಾಕೇಜ್ ಮಾಡಿ ಅಂತ ಇಲ್ಲಿ ಯಾರೂ ಕೇಳಿಲ್ಲ ಅಣ್ಣ. ಒಂದೇ ಬೀದಿಯ ಒಂದೇ ಚರಂಡಿಯನ್ನು ಒಂದೇ ಕೆಲಸ ಅಂತ ತೋರಿಸಿ ಅಂತ ಕೇಳಿದ್ದು. 15 ಲಕ್ಷದ ಟೆಂಡರ್ ಆಗಿದ್ದರೆ ನೀವೂ ಮೀಸಲಿನಲ್ಲಿ ಹಾಕಬಹುದಿತ್ತು. ತುಂಡು ಮಾಡಿ ಕೈಗೆ ಕೊಟ್ಟಾಗ ನಿಮ್ಮ ಕಿವಿಗೆ ಸುದ್ದಿಯೂ ಬೀಳುವುದಿಲ್ಲ. ಯಾರು ಆಫೀಸಿನ ಮೆಟ್ಟಿಲು ಜಾಸ್ತಿ ಹತ್ತುತ್ತಾರೋ ಅವರಿಗೆ ಕೆಲಸ.

ವಿರಾಜಪೇಟೆ ರೋಡ್
ಮೆಟ್ಟಿಲು ಹತ್ತದೆ ಬಿಲ್ಲೂ ಬರುವುದಿಲ್ಲ ಅಕ್ಕ. ಟೆಂಡರ್ ಆದರೂ ಹತ್ತಬೇಕು, ಆಗದಿದ್ದರೂ ಹತ್ತಬೇಕು.

ಹಾರಂಗಿ ನೀರು
ದಸರಾ ಹತ್ತಿರ ಬಂದಾಗ ಮಡಿಕೇರಿಯಲ್ಲಿ ದೇವಸ್ಥಾನಗಳ ಮಂಟಪ ಮೆರವಣಿಗೆ ಹೋಗುವ ರಸ್ತೆಯ ಗುಂಡಿ ಮುಚ್ಚಿ ಅಂತ ಎಲ್ಲರೂ ಕೂಗುತ್ತಾರೆ. ಹತ್ತು ಮಂಟಪ, ಒಂದು ರಾತ್ರಿ. ಆಗ ಯಾರಾದರೂ ಟೆಂಡರ್ ಆಯಿತಾ ಅಂತ ಕೇಳುತ್ತಾರಾ? ಬೇಕಾದಾಗ ತುರ್ತು, ಬೇಡವಾದಾಗ ಕಾನೂನು.

ಮಂಜಿನಹಾದಿ
ದಸರಾ ದಿನಾಂಕ ಒಂದು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿ ಇರುತ್ತದೆ. ಅದು ಹೇಗೆ ತುರ್ತು ಆಗುತ್ತದೆ?

ಕಲ್ಲುಮಣ್ಣು
ಕ್ಯಾಲೆಂಡರ್ ನೋಡಿ ಮಳೆ ನಿಲ್ಲುವುದಿಲ್ಲ. ನೀವು ಒಂದು ಸಲ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಚರಂಡಿಗೆ ಇಳಿದು ಕಾಂಕ್ರೀಟಿಗೆ ಶೀಟ್ ಕಟ್ಟಿ ನೋಡಿ. ಪಂಪ್ ಹಾಕಿದರೂ ನೀರು ಇಳಿಯುವುದಿಲ್ಲ. ಮೇಲಿನಿಂದ ತೋಟದ ಕೆಂಪು ಮಣ್ಣು ಇಳಿದು ಕಾಂಕ್ರೀಟ್ ಜೊತೆ ಬೆರೆಯುತ್ತದೆ. ಆಮೇಲೆ ಮನೆಯ ಒಳಗೆ ಕೂತು ಇಂಚು ಲೆಕ್ಕ ಹಾಕಬಹುದು.

ಮಂಜಿನಹಾದಿ
ಕಟ್ಟಿದ್ದು ಏಪ್ರಿಲ್‌ನಲ್ಲಿ. ಮೂರನೇ ಸಲ ಹೇಳುತ್ತಿದ್ದೇನೆ. ಸಿಟ್ಟು ಬರುತ್ತದೆ ನನಗೆ. ಆ ಚರಂಡಿ ನಮ್ಮ ತೆರಿಗೆಯದ್ದು. ಮುರಿದ ಜಾಗದಲ್ಲಿ ನನ್ನ ಅಮ್ಮ ಕಾಲಿಟ್ಟು ಬಿದ್ದು ಕೈ ಊದಿಸಿಕೊಂಡಿದ್ದಾರೆ. 78 ವರ್ಷ ಅವರಿಗೆ. ನೀವು ಬೆಡ್ಡು, ಜಾಯಿಂಟು, ಚೈನೇಜು ಅಂತ ಪಾಠ ಮಾಡುತ್ತಿದ್ದೀರಿ.

ಕಲ್ಲುಮಣ್ಣು
ಅಮ್ಮ ಬಿದ್ದದ್ದು ಕೇಳಿ ಬೇಜಾರಾಯಿತು. ಅದನ್ನು ಮೊದಲೇ ಹೇಳಬೇಕಿತ್ತು. ಡಿಫೆಕ್ಟ್ ಲಯಬಿಲಿಟಿ, ಅಂದರೆ ದೋಷಕ್ಕೆ ಗುತ್ತಿಗೆದಾರನೇ ಹೊಣೆಯಾಗಿರುವ ಅವಧಿ ಇದ್ದರೆ ಕಟ್ಟಿದವನೇ ಸರಿ ಮಾಡಿಕೊಡಬೇಕು, ಠೇವಣಿ ಹಿಡಿಯುವುದೇ ಅದಕ್ಕೆ. ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆದರೆ ಗೋಡೆ ದಪ್ಪದ ಬಗ್ಗೆ ನನ್ನ ಮಾತಿನಲ್ಲಿ ಬದಲಿಲ್ಲ.

ಕೆಂಪುಹೆಂಚು
ದೂರಿನ ಜೊತೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. 10 ರೂಪಾಯಿ. 2005ರ ಕಾಯ್ದೆಯ 2(ಜೆ) ಪ್ರಕಾರ ಕಾಗದ ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಅದರ ಪ್ರಮಾಣೀಕೃತ ಮಾದರಿ ತೆಗೆದುಕೊಳ್ಳುವ ಹಕ್ಕೂ ನಮಗಿದೆ. ಮೂರೂ ಬೋರ್ಡಿನ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕದ ಪುಟ ಕೇಳಿ. ಮೂರಕ್ಕೂ ಅಳತೆ ಒಂದೇ ದಿನ ಬರೆದಿದ್ದರೆ ಅಲ್ಲಿಗೆ ಗೊತ್ತಾಗುತ್ತದೆ. ನಾನು ಕಾಂಪೌಂಡ್ ವಿಷಯದಲ್ಲಿ ಹೀಗೇ ಮಾಡಿದ್ದೆ. 30 ದಿನಕ್ಕೆ ಉತ್ತರ ಬಂತು, ಅರ್ಧ ಪುಟ ಓದಲು ಆಗದಂತೆ ಜೆರಾಕ್ಸ್ ಮಾಡಿದ್ದರು. ಮತ್ತೆ ಹೋಗಿ ಕೇಳಿದೆ, ಕೊಟ್ಟರು.

ನಿವೃತ್ತ ಇಂಜಿನಿಯರ್
"ಒಂದೇ ದಿನ ಬರೆದಿದ್ದರೆ" ತಪ್ಪೇನೂ ಇಲ್ಲ. ಒಂದೇ ಬೀದಿಯ ಮೂರು ಕೆಲಸ ಅಳೆಯಲು ಇಂಜಿನಿಯರ್ ಮೂರು ಸಲ ಬರಬೇಕಾ?

ಕೆಂಪುಹೆಂಚು
ಒಂದೇ ಸಲ ಅಳೆಯಲು ಆಗುವುದಾದರೆ ಒಂದೇ ಟೆಂಡರ್ ಕರೆಯಲೂ ಆಗುತ್ತದೆ ಸಾರ್.

ನಿವೃತ್ತ ಇಂಜಿನಿಯರ್
ಅದು ಬೇರೆ ವಿಷಯ.

ಮಂಜಿನಹಾದಿ
ಸೋಮವಾರ ಅರ್ಜಿ ಹಾಕುತ್ತೇನೆ. ಇಂಜಿನಿಯರ್ ಸಾರ್, ನೀವೂ ಜಿಲ್ಲೆಯಲ್ಲೇ ಇದ್ದೀರಿ ಅಂತ ಮೊದಲೊಮ್ಮೆ ಇಲ್ಲಿ ಬರೆದಿದ್ದಿರಿ. ಪರಿಶೀಲನೆ ದಿನ ಬನ್ನಿ. ಯಾವ ಚೈನೇಜ್ ಬೇಕೋ ನೀವೇ ಹೇಳಿ, ಅಲ್ಲೇ ಅಳೆಯೋಣ.

ನಿವೃತ್ತ ಇಂಜಿನಿಯರ್
ಬರುತ್ತೇನೆ. ಪ್ರತಿ 10 ಮೀಟರಿಗೆ ಒಂದು ಕಡೆ, ಮೇಲೆ, ನಡುವೆ, ಕೆಳಗೆ. ಮಣ್ಣು ತೆಗೆಸಿ ಇಡಿ.

ಕಲ್ಲುಮಣ್ಣು
ಮಣ್ಣು ತೆಗೆಯಲು ನನ್ನ ಇಬ್ಬರು ಆಳುಗಳನ್ನು ಕಳಿಸುತ್ತೇನೆ, ಕೂಲಿ ನಾನೇ ಕೊಡುತ್ತೇನೆ. ಆದರೆ ಬೆಡ್ ಕಾಣುವವರೆಗೆ ತೆಗೆಯಬೇಕು. ಅದಕ್ಕೆ ಮೊದಲು ಯಾರೂ ಟೇಪು ಇಡಬಾರದು.