ಸಹಾಯ ಬೇಕು: ಪೈಲಟ್ ಆಗಬಯಸುವ ಮಗಳಿಗೆ ಯಾವ ಪದವಿ?

ಮಾನ್ಯರೇ, ಕುಂಬಳೆ ಸಮೀಪದ ನಿವಾಸಿಗಳಾದ ನಮ್ಮ ಮಗಳು ಭೌತಶಾಸ್ತ್ರ, ಗಣಿತಗಳೊಂದಿಗೆ ಪ್ಲಸ್ ಟು ಮುಗಿಸಿದ್ದು, ವಿಮಾನಯಾನ ಸಂಸ್ಥೆಯಲ್ಲಿ ಪೈಲಟ್ ಆಗುವ ಹಂಬಲದಲ್ಲಿದ್ದಾಳೆ. ವಾಣಿಜ್ಯ ಪೈಲಟ್ ಪರವಾನಗಿಗೆ ಈ ವಿಷಯಗಳ ಪ್ಲಸ್ ಟು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳು, 200 ಗಂಟೆಗಳ ಹಾರಾಟ ಹಾಗೂ ಕ್ಲಾಸ್ ಒನ್ ವೈದ್ಯಕೀಯ ಪ್ರಮಾಣಪತ್ರ ಬೇಕೇ ಹೊರತು ಪದವಿ ಕಡ್ಡಾಯವಲ್ಲವೆಂಬುದನ್ನು ಬಲ್ಲೆ. ಆದರೂ ಮುಂದೆ ಕಣ್ಣೋ ಕಿವಿಯೋ ಕೈಕೊಟ್ಟು ಆ ಪ್ರಮಾಣಪತ್ರ ನವೀಕರಣವಾಗದಿದ್ದರೆ ಜೀವನೋಪಾಯಕ್ಕೊಂದು ಪದವಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಬಿ.ಎಸ್ಸಿ. ಏವಿಯೇಷನ್ ಇತರ ಉದ್ಯೋಗಗಳಿಗೆ ಅಷ್ಟಾಗಿ ಒದಗದೆಂಬ ಅನುಮಾನವಿದೆ. ಕಣ್ಣೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ ತರಬೇತಿಗೆ ಹೋಗುವುದು ಲೇಸೋ, ಈಗಲೇ ಹಾರಾಟದ ತರಬೇತಿಗೆ ಸೇರಿ ಇಗ್ನೋ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣದ ಮೂಲಕ ಪದವಿ ಪಡೆಯುವುದು ಲೇಸೋ ಎಂಬುದನ್ನು ಈ ಹಾದಿಯಲ್ಲಿ ಸಾಗಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.