ಹುಟ್ಟು ಅಂದರೆ ಪ್ಯಾಡಲ್ಲಾ, ಓರಾ?

ಗೆಳೆಯರೇ,

ದೋಣಿ ನಡೆಸುವ ‘ಹುಟ್ಟು’ ಅನ್ನುವ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನಾನಿರುವುದು ಬಾಸ್ಟನ್ ಹತ್ತಿರ. ಕಳೆದ ಶನಿವಾರ, ಭಾನುವಾರ ಇಲ್ಲಿನ ಚಾರ್ಲ್ಸ್ ನದಿಯಲ್ಲಿ ಮರದ ಕೆನೂ (ಎರಡೂ ತುದಿ ಚೂಪಾದ, ಅಗಲ ಕಮ್ಮಿಯ ಹಗುರ ದೋಣಿ) ಇಟ್ಟುಕೊಂಡ ಹತ್ತಿಪ್ಪತ್ತು ಜನ ಸೇರಿದ್ದರು. ಪಕ್ಕದ ಮನೆಯವರು ಕರೆದರು, ಸುಮ್ನೆ ನೋಡೋಣ ಅಂತ ಹೋದೆ. ಬಂದು ನಮ್ಮ ಕನ್ನಡ ಕೂಟದ ಸಂಚಿಕೆಗೆ ಬರೆಯಲು ಕೂತರೆ ಎರಡನೇ ಸಾಲಿಗೇ ತಡೆ ಬಿತ್ತು. “ನಾವೂ ನದಿಯಲ್ಲಿ ಹುಟ್ಟು ಹಾಕಿದೆವು” ಅಂತ ಬರೆದಿದ್ದೆ. ಹೆಂಡತಿ ಓದಿ, “ಏನನ್ನ ಹುಟ್ಟುಹಾಕಿದ್ರಿ, ಇನ್ನೊಂದು ಸಂಘಾನಾ?” ಅಂದಳು.

ಅದು ತಮಾಷೆಗಾಯ್ತು. ತೊಡಕು ಬೇರೆಯೇ ಇದೆ. ಈ ಜನರ ಮುಂದೆ ಪ್ಯಾಡಲ್ಲನ್ನು ಓರ್ ಅನ್ನಬಾರದು. ನಾನು ಅಂದುಬಿಟ್ಟೆ, ಮುಖ ಹುಳಿ ಮಾಡಿದರು. ಓರ್ ಅಂದರೆ ದೋಣಿಯ ಅಂಚಿಗೆ ಸಿಕ್ಕಿಸಿದ್ದು. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ಎಳೆಯಬೇಕು. ಪ್ಯಾಡಲ್ಲಿಗೆ ಕೈ ಬಿಟ್ಟರೆ ಬೇರೆ ಆಸರೆ ಇಲ್ಲ, ಮುಖ ಮುಂದಕ್ಕೇ ಇರುತ್ತದೆ. (ನೂರು ವರ್ಷಕ್ಕೂ ಹಿಂದೆ ಇದೇ ನದಿಯಲ್ಲಿ ಹುಡುಗ ಹುಡುಗಿಯರು ಕೆನೂ ಹತ್ತಿ ಸುತ್ತುವ ಹುಚ್ಚು ಜೋರಾಗಿತ್ತು. 1903ರಲ್ಲಿ ಕೆನೂ ಒಳಗೆ ಮುತ್ತು ಕೊಟ್ಟರೆ ದಂಡ ಅಂತಲೂ ಮಾಡಿದ್ದರು! ಇರಲಿ, ಪದಕ್ಕೆ ಬರೋಣ.)

ನಾವು ಎರಡಕ್ಕೂ ಹುಟ್ಟು ಅಂದುಬಿಡುತ್ತೇವೆ, ಅಲ್ವಾ? ಆದರೆ ಹುಟ್ಟು ಮೊದಲಿಂದ ಪ್ಯಾಡಲ್ಲೇ ಅಂತ ನನ್ನ ಅನಿಸಿಕೆ. ಯಾಕೆ ಅಂದರೆ, ಮಲೆನಾಡಿನ ನಮ್ಮಜ್ಜಿ ಮರದ ಸೌಟಿಗೂ ಹುಟ್ಟು ಅಂತಲೇ ಹೇಳುತ್ತಿದ್ದರು. ಉದ್ದ ಹಿಡಿ, ತುದಿಯಲ್ಲಿ ಚಪ್ಪಟೆ. ದೊಡ್ಡ ಪಾತ್ರೆಯಲ್ಲಿ ಪಾಕ ಕಾಯಿಸುವಾಗ ಒಂದು ಕೈ ಹಿಡಿಯ ತುದಿಗೆ, ಇನ್ನೊಂದು ಕೈ ಅರ್ಧಕ್ಕೆ. ಶನಿವಾರ ನನ್ನ ಕೈಗೆ ಪ್ಯಾಡಲ್ ಕೊಟ್ಟು ಹಿಡಿಯುವುದನ್ನು ಹೇಳಿಕೊಟ್ಟಾಗ ಕಂಡದ್ದು ಅಜ್ಜಿಯ ಕೈಯೇ. ಹಿಂದೆ ಕೂತವನು ನೀರು ಎಳೆದು ಮುಗಿಸುವಾಗ ಪ್ಯಾಡಲ್ಲಿನ ಅಲಗನ್ನು ಸ್ವಲ್ಪ ತಿರುಚಿ ಹೊರಕ್ಕೆ ತಳ್ಳಬೇಕು, ಇಲ್ಲದಿದ್ದರೆ ದೋಣಿ ಒಂದೇ ಪಕ್ಕಕ್ಕೆ ತಿರುಗುತ್ತಾ ಹೋಗುತ್ತದೆ. ಇವರು ಜೆ ಸ್ಟ್ರೋಕ್ ಅನ್ನುತ್ತಾರೆ. ಅಜ್ಜಿ ಪಾತ್ರೆಯ ಅಂಚು ಬಳಿಯುತ್ತಿದ್ದುದೂ ಥೇಟ್ ಹಾಗೇ.

ನಮ್ಮ ಹರಿಗೋಲಿನ ಅಂಬಿಗನ ಕೈಯಲ್ಲಿ ಇರುವುದೂ ಇಂಥದೇ ಬಿಡಿ ಹುಟ್ಟು. ಹರಿಗೋಲು ಅಂದಾಗ ನೆನಪಾಯಿತು: 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಅಲ್ಲಿನ ಬುಟ್ಟಿಯಂಥ ಗುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಇಲ್ಲಿ ನಾನು ಕಂಡ ಕೆನೂಗಳಲ್ಲಿ ಜಾಸ್ತಿ ಹಳೆಯವು ಮೇಯ್ನ್ ರಾಜ್ಯದ ಓಲ್ಡ್ ಟೌನ್ ಊರಲ್ಲಿ ಮಾಡಿದವು. ಸೀಡರ್ ಮರದ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುತ್ತಾರೆ, ಅದರ ಮೇಲೆ ತೆಳು ಹಲಗೆ ಇಟ್ಟು ಹಿತ್ತಾಳೆ ಮೊಳೆ ಹೊಡೆಯುತ್ತಾರೆ, ಕೊನೆಗೆ ಕ್ಯಾನ್ವಾಸ್ ಬಿಗಿದು ಬಣ್ಣ. ಆಕಾರ ಬೇರೆ, ಉಪಾಯ ಒಂದೇ. ಒಬ್ಬರು ತಮ್ಮ ಕೆನೂ ತುದಿಯ ಒಳಗೆ ಕೊರೆದ ನಂಬರ್ ತೋರಿಸಿದರು. ಅದನ್ನಿಟ್ಟುಕೊಂಡು ಹುಡುಕಿದರೆ ಆಗಿನ ಕಾರ್ಖಾನೆಯ ಚೀಟಿ ಸಿಗುತ್ತದಂತೆ: ಎಷ್ಟು ಉದ್ದ, ಯಾವ ಬಣ್ಣ, ಯಾವ ಊರಿಗೆ ಕಳಿಸಿದ್ದು, ಎಲ್ಲ.

ಹಾಗಾಗಿ ಪ್ಯಾಡಲ್ಲಿಗೆ ಹುಟ್ಟು ಅಂತ ಬರೆದುಬಿಡುತ್ತೇನೆ. ಹೆಸರು ಬೇಕಾದದ್ದು ಓರಿಗೆ. ಮಲಯಾಳಿಗಳಿಗೆ ಎರಡು ಮಾತಿದೆ: ಕೈಯಲ್ಲಿ ಹಿಡಿದದ್ದು ತುಳ, ಎಳೆಯುವುದು ತಂಡು. ನಾನು ‘ಎಳೆಹುಟ್ಟು’ ಅಂತ ಕಟ್ಟಿ ನೋಡಿದೆ. ಯಾವುದೋ ಎಳೆ ಮಗುವಿನ ಹಾಗೆ ಕೇಳುತ್ತದೆ, ನನಗೇ ಹಿಡಿಸಲಿಲ್ಲ.

ಕೆನೂಗೆ ಏನನ್ನೋಣ? ದೋಣಿ ಅಂದರೆ ಎಲ್ಲವೂ ಬಂತು. ಕರಾವಳಿಯ ‘ಪಾತಿ’ ನನಗೆ ಇಷ್ಟ. ಅದು ಒಂದೇ ಮರ ಕೊರೆದು ಮಾಡಿದ್ದು, ಇದು ಹಾಗಲ್ಲ ಅಂತ ಯಾರಾದರೂ ಆಕ್ಷೇಪ ತೆಗೆಯಬಹುದು. ಆದರೆ ಕೆನೂ ಅನ್ನುವ ಮಾತೇ ಕೆರಿಬಿಯನ್ ದ್ವೀಪದವರು ಮರ ಕೊರೆದು ಮಾಡಿದ ದೋಣಿಗೆ ಹೇಳುತ್ತಿದ್ದದ್ದು. ಸ್ಪ್ಯಾನಿಷ್ ಮೂಲಕ ಬಂದು ಆಮೇಲೆ ತೊಗಟೆಯ ದೋಣಿಗೂ ಅಂಟಿಕೊಂಡಿತು. ಅದು ಹಿಗ್ಗಬಹುದಾದರೆ ಪಾತಿ ಯಾಕೆ ಹಿಗ್ಗಬಾರದು?

ಒಂದು ಪದ ಮಾತ್ರ ಕಷ್ಟವಿಲ್ಲದೆ ಸಿಕ್ಕಿತು. ಕೆನೂವನ್ನು ತಲೆಕೆಳಗು ಮಾಡಿ ಹೆಗಲ ಮೇಲೆ ಹೊರಲು ನಡುವೆ ಅಡ್ಡಪಟ್ಟಿ ಇರುತ್ತದೆ, ಕತ್ತು ಕೂರುವಲ್ಲಿ ಕೆತ್ತಿರುತ್ತಾರೆ. ಅದು ನೊಗ. ಇಂಗ್ಲಿಷಿನಲ್ಲೂ ನೊಗವೇ.

ಸಂಚಿಕೆಗೆ ಕೊಡಲು ಇನ್ನು ಹತ್ತು ದಿನ ಇದೆ. ಕಾರವಾರ, ಹೊನ್ನಾವರ, ಕುಂದಾಪುರ ಕಡೆಯವರು ಮನೆಯ ಹಿರಿಯರನ್ನು ಕೇಳಿ ಹೇಳ್ತೀರಾ? ಅಂಚಿನ ಗೂಟಕ್ಕೆ ಹಗ್ಗದಲ್ಲಿ ಕಟ್ಟಿ ಎಳೆಯುವ ಹುಟ್ಟಿಗೆ ನಿಮ್ಮಲ್ಲಿ ಬೇರೆ ಹೆಸರಿದೆಯಾ? ಮರದ ಸೌಟಿಗೆ ಹುಟ್ಟು ಅನ್ನುವುದು ಇನ್ನೂ ಯಾವ ಯಾವ ಊರಲ್ಲಿದೆ ಅಂತಲೂ ತಿಳಿಸಿ.