ಗಿಟ್‌ಹಬ್ ಪ್ರೊಫೈಲ್‌ನಲ್ಲಿ ಏನು ಪಿನ್ ಮಾಡಲಿ? ಸಹಾಯ ಬೇಕು
ನಮಸ್ಕಾರ, ನಾನು ಬಾಗಲಕೋಟೆಯವನು, ಓದು ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ನನ್ನ 23 ರೆಪೊ (ಪ್ರಾಜೆಕ್ಟ್ ಫೋಲ್ಡರ್) ಇವೆ, ಅರ್ಧಕ್ಕಿಂತ ಜಾಸ್ತಿ ವಿಡಿಯೋ ನೋಡಿ ಮಾಡಿದ ಟು-ಡು ಆ್ಯಪ್‌ಗಳೇ (ನಗಬೇಡಿ). ಯೂಸರ್‌ನೇಮ್ ಹೆಸರಲ್ಲೇ ರೆಪೊ ಮಾಡಿ, ಪ್ರೊಫೈಲ್‌ನಲ್ಲಿ ಕಾಣುವ ಪರಿಚಯ (ರೀಡ್‌ಮೀ) ಬರೆದೆ. ಲ್ಯಾಬ್ ಕಂಪ್ಯೂಟರ್‌ನಿಂದ ಬೇರೆ ಇಮೇಲ್‌ನಲ್ಲಿ ಹೋಗಿದ್ದ ಕಮಿಟ್‌ಗಳು (ಸೇವ್ ಮಾಡಿದ ಕೋಡ್ ಬದಲಾವಣೆಗಳು) ಪ್ರೊಫೈಲ್‌ನ ಚಟುವಟಿಕೆ ಗ್ರಾಫ್‌ನಲ್ಲಿ ಕಾಣುತ್ತಿರಲಿಲ್ಲ, ಆ ಇಮೇಲನ್ನು ಅಕೌಂಟ್‌ಗೆ ಸೇರಿಸಿದ ಮೇಲೆ ಹಸಿರು ಚೌಕಗಳೂ ಬಂದವು. ಆದರೂ ಒಂದು ಕರೆ ಇಲ್ಲ.

ಪ್ರೊಫೈಲ್‌ನಲ್ಲಿ ಎದ್ದು ಕಾಣುವಂತೆ ಪಿನ್ ಮಾಡಲು 6 ಜಾಗ ಇದೆ, ನಿಜವಾಗಿ ನನ್ನದು ಅನ್ನಬಹುದಾದದ್ದು ಎರಡೇ. ಒಂದು ಚಿಕ್ಕಪ್ಪನ ಇಳಕಲ್ ಸೀರೆ ಅಂಗಡಿಯ ಲೆಕ್ಕದ ಆ್ಯಪ್, ಅವರು ದಿನಾ ಬಳಸುತ್ತಾರೆ. ಇನ್ನೊಂದು ಕಾಲೇಜು ಪ್ರಾಜೆಕ್ಟ್. ಸುಮ್ನೆ ಆರೂ ತುಂಬಿಸಬೇಕಾ, ಅಥವಾ ಎರಡನ್ನೇ ಪಿನ್ ಮಾಡಿ ಉಳಿದವನ್ನು ಪ್ರೈವೇಟ್ ಮಾಡಲಾ? ನೇಮಕಾತಿ ಮಾಡುವವರು ಯಾರಾದರೂ ಇದ್ದರೆ ಹೇಳಿ, ನೀವು ಮೊದಲು ಏನು ನೋಡುತ್ತೀರಿ?